ಅಂಗಡಿಗೊಂದು ಪಿಸ್ತೂಲು ಬೇಕಾ? ಬಾಳಿಕೆ ನೋಡೋ ಮೊದಲು ನೋಡಬೇಕಾದ ಲೆಕ್ಕಗಳು

ಶಲವಡಿ: ಹತ್ತಿ, ಮೆಣಸಿನಕಾಯಿ, ಕಡಲೆ ಸುಗ್ಗಿ ಬಂತಂದ್ರೆ ಈ ಭಾಗದಾಗ ರೊಕ್ಕದ ಓಡಾಟ ಜಾಸ್ತಿ. ಅಣ್ಣಿಗೇರಿ, ನವಲಗುಂದ, ಹುಬ್ಬಳ್ಳಿ ಮಾರ್ಕೆಟ್‌ನಿಂದ ಸಂಜೆ ಹೊತ್ತಿಗೆ ನಗದು ಹಿಡಿದು ಊರಿಗೆ ಬರುವ ವ್ಯಾಪಾರಸ್ಥರು, ರಾತ್ರಿ ತಡವಾಗಿ ಬಾಗಿಲು ಹಾಕುವ ಗೊಬ್ಬರ-ಬೀಜದ ಅಂಗಡಿಯವರು, ಚಿನ್ನ-ಬೆಳ್ಳಿ ಅಂಗಡಿಕಾರರು ಇವರ ನಡುವೆ ಈಗ ಒಂದು ಮಾತು ಆಗಾಗ ಕೇಳಿಬರ್ತದ: ‘ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲ್ ಇಟ್ಕೊಂಡ್ರ ಹೆಂಗ? ಯಾವುದು ಚೊಲೋ ಬಾಳಿಕೆ ಬರ್ತದ?’

ಈ ಮಾತಿಗೆ ಕಾರಣ ಇಲ್ಲದಿಲ್ಲ. 2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವ ಸಿಬ್ಬಂದಿ ಮೇಲೆ ಗುಂಡು ಹಾರಿಸಿ ರೊಕ್ಕದ ಪೆಟ್ಟಿಗೆ ಹೊತ್ತೊಯ್ದರು. ಮರುದಿನವೇ ಮಂಗಳೂರು ಹತ್ತಿರದ ಕೋಟೆಕಾರಿನ ಸಹಕಾರಿ ಬ್ಯಾಂಕಿನಲ್ಲಿ ದರೋಡೆ. ಸೆಪ್ಟೆಂಬರ್ 16ರಂದು ವಿಜಯಪುರ ಜಿಲ್ಲೆಯ ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕು ಹಾಕಿಕೊಂಡು ನುಗ್ಗಿದವರು ಸಿಬ್ಬಂದಿಯ ಕೈಕಾಲು ಕಟ್ಟಿ ಚಿನ್ನ, ನಗದು ದೋಚಿದರು. ದೊಡ್ಡ ಊರಿನ ಸುದ್ದಿ ಅಂತ ಬಿಟ್ಟುಬಿಡೋ ಹಾಗಿಲ್ಲ. ಚಡಚಣ ಕೂಡ ನಮ್ಮಂಥದ್ದೇ ಊರು.

ಹಾಗಂತ ಪಿಸ್ತೂಲು ಬೈಕ್ ಖರೀದಿ ಮಾಡಿದಂಗ ಅಲ್ಲ. ಶೋರೂಮಿಗೆ ಹೋಗಿ ನಾಲ್ಕು ಮಾಡೆಲ್ ಓಡಿಸಿ ನೋಡಿ ಒಂದನ್ನು ಆರಿಸೋ ಅವಕಾಶ ಇಲ್ಲಿಲ್ಲ. ಕಾನೂನು ಮೊದಲು ಬರ್ತದ, ಕಬ್ಬಿಣ ಆಮೇಲೆ.

ಯಾವುದು ಸಿಗ್ತದ, ಯಾವುದು ಸಿಗಲ್ಲ

ಸಿನಿಮಾದಲ್ಲಿ ಕಾಣುವ, ಪೊಲೀಸರ ಸೊಂಟದಲ್ಲಿರುವ 9 ಎಂಎಂ ಪಿಸ್ತೂಲು ಸಾಮಾನ್ಯ ಜನರಿಗೆ ಸಿಗೋದಿಲ್ಲ ಅಂತಲೇ ತಿಳಿಯಬೇಕು. ಅದು ‘ನಿಷೇಧಿತ ಬೋರ್’ ಪಟ್ಟಿಯಲ್ಲಿದೆ. ಸಾಮಾನ್ಯ ನಾಗರಿಕರ ಪಾಲಿಗೆ ಉಳಿಯೋದು ಮುಖ್ಯವಾಗಿ ಪಾಯಿಂಟ್ 32 ಬೋರ್. ಇದನ್ನೇ 7.65 ಎಂಎಂ ಅಂತಲೂ ಕರೀತಾರೆ. 1899ರ ಸುಮಾರಿಗೆ ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಹಳೇ ಗುಂಡು ಇದು. ಇದನ್ನು ಹಾರಿಸುವ ಪಿಸ್ತೂಲು ಸೆಮಿ ಆಟೋಮ್ಯಾಟಿಕ್: ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು, ಖಾಲಿ ತೋಟಾ ಹೊರಬಿದ್ದು ಮುಂದಿನದು ತಾನಾಗೇ ನಳಿಗೆಗೆ ಬಂದು ಕೂರ್ತದ.

ವಿದೇಶಿ ಪಿಸ್ತೂಲಿನ ಆಸೆಯನ್ನೂ ಬಿಡೋದು ಒಳ್ಳೇದು. 1980ರ ದಶಕದ ನಡುವಿನಿಂದಲೂ ನಾಗರಿಕರಿಗಾಗಿ ವಿದೇಶಿ ಬಂದೂಕು ತರಿಸುವುದಕ್ಕೆ ಬಿಗಿ ನಿರ್ಬಂಧ ಇದೆ. ಹೀಗಾಗಿ ಇಂದು ಕೈ ಬದಲಾಗುತ್ತಿರುವ ವಿದೇಶಿ ಪಿಸ್ತೂಲುಗಳಲ್ಲಿ ಬಹಳಷ್ಟು ಅದಕ್ಕೂ ಮುಂಚಿನವು. ಹೆಸರಿಗೆ ತಕ್ಕ ರೇಟು ಹೇಳ್ತಾರೆ. ಆದರೆ ನಲವತ್ತು-ಐವತ್ತು ವರ್ಷದ ಸ್ಪ್ರಿಂಗು, ಸಿಗದ ಬಿಡಿಭಾಗ, ಸವೆದ ನಳಿಗೆ ಇವೆಲ್ಲ ಆ ರೇಟಿನೊಳಗೇ ಬರ್ತಾವು.

ಹೊಸದು ಬೇಕಂದ್ರೆ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಪಾಯಿಂಟ್ 32 ಪಿಸ್ತೂಲು ‘ಅಶನಿ’, ಕಾನ್ಪುರದ ಪಾಯಿಂಟ್ 32 ರಿವಾಲ್ವರ್, ಅದರ ಹಗುರ ರೂಪವಾದ ‘ನಿರ್ಭೀಕ್’ (2014ರಲ್ಲಿ ಬಂತು, ಸುಮಾರು 500 ಗ್ರಾಂ, ಆಗಲೇ ಬೆಲೆ 1.22 ಲಕ್ಷ ರೂಪಾಯಿ), 2023ರಲ್ಲಿ ಬಂದ ‘ಪ್ರಬಲ್’ ರಿವಾಲ್ವರ್ ಇವೆ. ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಆ್ಯಂಡ್ ಸ್ಕಾಟ್ ಹೆಸರಿನಲ್ಲಿ ಖಾಸಗಿಯವರೂ ರಿವಾಲ್ವರ್ ತಯಾರಿಸುತ್ತಾರೆ. ಒಂದು ಮಾತು ನೆನಪಿರಲಿ: ಎರಡಕ್ಕೂ ಪಾಯಿಂಟ್ 32 ಅಂದರೂ ಪಿಸ್ತೂಲಿನ ಗುಂಡು ಬೇರೆ, ರಿವಾಲ್ವರಿನ ಗುಂಡು ಬೇರೆ. ಒಂದರದು ಇನ್ನೊಂದಕ್ಕೆ ನಡೆಯೋದಿಲ್ಲ.

ಬಾಳಿಕೆ ಅಂದರೆ ಏನು?

ಪಿಸ್ತೂಲಿನ ಉಕ್ಕು ಬೇಗ ಸವೆಯೋದಿಲ್ಲ. ವರ್ಷಕ್ಕೆ ಹತ್ತು-ಇಪ್ಪತ್ತು ಗುಂಡು ಹಾರಿಸೋ ಮಾಲೀಕನ ಕೈಯಲ್ಲಿ ನಳಿಗೆ ಆತನ ಮಗನ ಕಾಲಕ್ಕೂ ಉಳೀತದ. ಕೈಕೊಡೋದು ಬೇರೆ ಕಡೆ.

ಮೊದಲನೇದು ಮ್ಯಾಗಜೀನ್. ಅದರ ಬಾಯಿಯ ತಗಡು ಸ್ವಲ್ಪ ಬಗ್ಗಿದರೂ, ಒಳಗಿನ ಸ್ಪ್ರಿಂಗ್ ಸಡಿಲಾದರೂ ಗುಂಡು ಅಡ್ಡ ಸಿಕ್ಕಿಬೀಳ್ತದ. ಪಾಯಿಂಟ್ 32 ಗುಂಡಿಗೆ ಇನ್ನೊಂದು ಸ್ವಭಾವ ಇದೆ. ಅದರ ತಳದ ಅಂಚು ಸ್ವಲ್ಪ ಹೊರಗೆ ಚಾಚಿರ್ತದ. ಮ್ಯಾಗಜೀನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಸಿಕ್ಕಿಕೊಂಡರೆ ಗುಂಡು ಮುಂದಕ್ಕೆ ಸರಿಯೋದೇ ಇಲ್ಲ. ಇದು ಪಿಸ್ತೂಲಿನ ದೋಷ ಅಲ್ಲ, ತುಂಬಿದವರ ದೋಷ. ಆದರೆ ಬೇಕಾದ ಹೊತ್ತಿಗೆ ಎರಡೂ ಒಂದೇ.

ಎರಡನೇದು ಗುಂಡು. ವರ್ಷಗಟ್ಟಲೆ ತಿಜೋರಿಯಲ್ಲಿ ಬಿದ್ದ, ಮಳೆಗಾಲದ ತಂಪು ಹಿಡಿದ, ಹಸಿರು ಕಟ್ಟಿದ ತೋಟಾ ಮೇಲೆ ಭರವಸೆ ಇಡೋ ಹಾಗಿಲ್ಲ.

ಮೂರನೇದು ನಮ್ಮ ಮಣ್ಣು. ಎರಿ ಸೀಮೆಯ ಬ್ಯಾಸಿಗಿ ಧೂಳು ಹಿಟ್ಟಿನಂಗ ನುಣುಪು. ಸ್ಲೈಡಿಗೆ ಎಣ್ಣೆ ಜಾಸ್ತಿ ಬಳಿದಷ್ಟೂ ಧೂಳು ಅಂಟಿ ಕೆಸರಾಗ್ತದ. ಎಣ್ಣೆ ಇಲ್ಲದಿದ್ರೆ ಮಳೆಗಾಲದಾಗ ತುಕ್ಕು ಹಿಡೀತದ. ತೆಳುವಾಗಿ ಒರೆಸಿದಷ್ಟೇ ಎಣ್ಣೆ ಸಾಕು. ಚರ್ಮದ ಕವರಿನೊಳಗೇ ತಿಂಗಳುಗಟ್ಟಲೆ ಇಟ್ಟರೆ ಆ ಚರ್ಮವೇ ತೇವ ಹಿಡಿದು ಲೋಹ ತಿನ್ನತದ.

ಅಪರೂಪಕ್ಕೆ ಕೈಗೆತ್ತಿಕೊಳ್ಳೋರಿಗೆ ಪಿಸ್ತೂಲಿಗಿಂತ ರಿವಾಲ್ವರೇ ಸರಳ. ಮ್ಯಾಗಜೀನ್ ಇಲ್ಲ. ಒಂದು ಗುಂಡು ಹಾರದಿದ್ರೆ ಟ್ರಿಗರ್ ಮತ್ತೊಮ್ಮೆ ಒತ್ತಿದರೆ ಮುಂದಿನ ಗುಂಡು ಎದುರಿಗೆ ಬರ್ತದ. ಪಿಸ್ತೂಲಿನಲ್ಲಿ ಜಾಮ್ ಆದರೆ ಸ್ಲೈಡ್ ಎಳೆದು, ಸಿಕ್ಕಿದ್ದನ್ನು ತೆಗೆದು, ಮತ್ತೆ ಹೂಡಬೇಕು. ಅಭ್ಯಾಸ ಇಲ್ಲದ ಕೈಗೆ, ಎದೆ ಡವಡವ ಅನ್ನೋ ಹೊತ್ತಿನಲ್ಲಿ ಅದು ಆಗೋ ಮಾತಲ್ಲ. ಪಿಸ್ತೂಲು ಚಪ್ಪಟೆ, ಒಯ್ಯೋಕೆ ಅನುಕೂಲ, ಮತ್ತೆ ತುಂಬೋದು ಬೇಗ. ಆದರೆ ಆ ಅನುಕೂಲ ಅಭ್ಯಾಸ ಇದ್ದವರಿಗೆ ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ನಳಿಗೆಯೊಳಗೆ ಬೆಳಕು ಹಾಯಿಸಿ ಚುಕ್ಕಿ ಚುಕ್ಕಿ ತುಕ್ಕಿನ ಕುಳಿ ಇದೆಯಾ ನೋಡಬೇಕು. ಸುರಕ್ಷತಾ ಕ್ಯಾಚ್ ಬಿಗಿಯಾಗಿ ಕೂರ್ತದಾ, ಎರಡು ಮ್ಯಾಗಜೀನ್ ಕೊಡ್ತಾರಾ ಕೇಳಬೇಕು. ಎಲ್ಲಕ್ಕಿಂತ ಮೊದಲು ಪಿಸ್ತೂಲಿನ ಮೇಲಿನ ನಂಬರು, ಮಾರುವವರ ಲೈಸೆನ್ಸಿನಲ್ಲಿ ಬರೆದ ಪಿಸ್ತೂಲಿನ ನಂಬರು ಒಂದೇ ಇರಬೇಕು. ಅಕ್ಷರ ಉಜ್ಜಿದ ಗುರುತಿದ್ರೆ ಅಲ್ಲಿಂದ ಎದ್ದು ಬರೋದೇ ಸರಿ.

ಲೈಸೆನ್ಸ್ ದಾರಿ

ಶಲವಡಿ, ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಭಾಗದವರು ಅರ್ಜಿ ಹಾಕಬೇಕಾದ್ದು ಜಿಲ್ಲಾಧಿಕಾರಿಗೆ. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಕಮಿಷನರ್‌ಗೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ 21 ವರ್ಷ ತುಂಬಿರಬೇಕು. 2016ರ ನಿಯಮಗಳ ಪ್ರಕಾರ ದೈಹಿಕ-ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಸುರಕ್ಷತಾ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬೇಕು. ಪೊಲೀಸ್ ವರದಿ ಬರಬೇಕು. ‘ನನಗೆ ಭಯ ಆಗ್ತದ’ ಅನ್ನೋದೊಂದೇ ಸಾಲೋದಿಲ್ಲ. ನಿರ್ದಿಷ್ಟ ಕಾರಣ ತೋರಿಸಬೇಕು. ವ್ಯವಹಾರದ ದಾಖಲೆ, ಹಿಂದೆ ಬೆದರಿಕೆ ಬಂದಿದ್ರೆ ಕೊಟ್ಟ ದೂರಿನ ಪ್ರತಿ ಇವು ಕೆಲಸಕ್ಕೆ ಬರ್ತಾವು. ಅರ್ಜಿ ತಿರಸ್ಕಾರವಾದರೆ ಕಾರಣ ಲಿಖಿತವಾಗಿ ಕೇಳಬಹುದು, ಮೇಲ್ಮನವಿಯೂ ಹಾಕಬಹುದು.

2019ರ ತಿದ್ದುಪಡಿ ಬಳಿಕ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಅಪ್ಪನ ಪಿಸ್ತೂಲು ಮಗನಿಗೆ ತಾನಾಗೇ ಬರೋದಿಲ್ಲ. ವಾರಸುದಾರ ತನ್ನ ಹೆಸರಿಗೆ ಬೇರೆ ಲೈಸೆನ್ಸ್ ಮಾಡಿಸಲೇಬೇಕು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇನ್ನೊಂದು ಲೆಕ್ಕ ಬಹಳ ಮಂದಿ ಹಾಕೋದಿಲ್ಲ. ಚುನಾವಣೆ ಬಂತಂದ್ರೆ ಲೈಸೆನ್ಸ್ ಬಂದೂಕು ಠಾಣೆಗೆ ಒಪ್ಪಿಸಲು ಆದೇಶ ಬರ್ತದ. ಲಕ್ಷ ರೂಪಾಯಿ ಸಾಮಾನು ವಾರಗಟ್ಟಲೆ ಠಾಣೆಯ ಕಪಾಟಿನಲ್ಲಿ ಕೂರ್ತದ. ಒಪ್ಪಿಸುವ ಮೊದಲು ಒರೆಸಿ, ರಸೀದಿ ಪಡೆದು, ವಾಪಸ್ ತಂದಮೇಲೆ ಮತ್ತೊಮ್ಮೆ ಸ್ವಚ್ಛ ಮಾಡೋದು ಮಾಲೀಕರದೇ ಕೆಲಸ.

ಕಳ್ಳ ಮಾಲು ಅಂದರೆ ಧಾರವಾಡಕ್ಕೆ ಗೊತ್ತು

ಲೈಸೆನ್ಸ್ ರಗಳೆ ಯಾಕಂತ ‘ಕಂಟ್ರಿ’ ಪಿಸ್ತೂಲಿನ ಕಡೆ ನೋಡುವವರೂ ಇದ್ದಾರೆ. ಅದರ ಅರ್ಥ ಏನಂತ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣ ನಗರದ ಮನೆ ಬಾಗಿಲಲ್ಲೇ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಕೊಂದಿದ್ದು 7.65 ಎಂಎಂ ನಾಡ ಪಿಸ್ತೂಲಿನಿಂದ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಗೂ ಅದೇ ಆಯುಧ ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಹೇಳಿತು. ಗುಂಡಿನ ಮೇಲೆ, ತೋಟಾದ ಮೇಲೆ ಪ್ರತಿ ಪಿಸ್ತೂಲೂ ತನ್ನದೇ ಗೆರೆ ಬಿಡ್ತದ. ಕಂಟ್ರಿ ಪಿಸ್ತೂಲು ಕೈಗೆ ಬಂದವನಿಗೆ ಅದು ಮೊದಲು ಎಲ್ಲಿ, ಯಾರ ಮೇಲೆ ಸಿಡಿದಿತ್ತು ಅನ್ನೋದೇ ಗೊತ್ತಿರೋದಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಜೈಲು. ತಯಾರಿಸಿದವರಿಗೆ, ಮಾರಿದವರಿಗೆ ಏಳು ವರ್ಷದಿಂದ ಜೀವಾವಧಿ. ಅಳತೆ ತಪ್ಪಿದ ಪೈಪಿನ ನಳಿಗೆ ಹಾರಿಸಿದವನ ಕೈಯಲ್ಲೇ ಒಡೆಯೋ ಅಪಾಯ ಬೇರೆ.

ಇದ್ದರೂ ಯಾವಾಗ ಉಪಯೋಗ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆ ಹಕ್ಕು ಕೊಡುತ್ತವೆ. ದರೋಡೆ, ಸೂರ್ಯಾಸ್ತದ ಬಳಿಕ ಸೂರ್ಯೋದಯದೊಳಗೆ ಮನೆ ಒಡೆದು ನುಗ್ಗುವಂಥ ಕೆಲವೇ ಸಂದರ್ಭಗಳಲ್ಲಿ ಆಸ್ತಿ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವ ಮಟ್ಟದವರೆಗೆ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರ ರಕ್ಷಣೆ ಪಡೆಯಲು ಸಮಯ ಇದ್ದಾಗ ಆ ಹಕ್ಕೇ ಹುಟ್ಟೋದಿಲ್ಲ. ಗಲ್ಲಾದಿಂದ ರೊಕ್ಕ ಕದ್ದು ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ ಅಂಗಡಿಕಾರನೇ ಆರೋಪಿ ಆಗಬಹುದು. ಹೊಲ ಮೇಯುವ ಚಿಗರಿ ಮೇಲೆ ಹಾರಿಸಿದರೂ ಅಷ್ಟೇ: ಕೃಷ್ಣಮೃಗಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ.

ಚಡಚಣದ ಘಟನೆ ಇನ್ನೊಂದು ಪಾಠವನ್ನೂ ಹೇಳ್ತದ. ದರೋಡೆಕೋರ ಪಿಸ್ತೂಲು ಹಿಡಿದೇ ಒಳಗೆ ಬರ್ತಾನ. ಅಂಗಡಿಯವನದು ಡ್ರಾವರಿನಲ್ಲಿರ್ತದ. ಮೊದಲ ಕ್ಷಣ ಯಾವಾಗಲೂ ಬಂದವನದೇ. ಅಂಥ ಹೊತ್ತಿನಲ್ಲಿ ಡ್ರಾವರಿಗೆ ಕೈ ಹಾಕುವುದು ರೊಕ್ಕದ ಜೊತೆ ಜೀವವನ್ನೂ ಪಣಕ್ಕಿಟ್ಟಂಗ. ದಿನದ 24 ತಾಸು ಮನೆಯಲ್ಲಿರುವ ಪಿಸ್ತೂಲು ಕಳ್ಳನ ಎದುರಿಗಿಂತ ಮಕ್ಕಳ ಕೈಗೆ, ಕುಡಿದವರ ಸಿಟ್ಟಿಗೆ, ಸಾಲದಲ್ಲಿ ಮನಸ್ಸು ಕುಸಿದವರ ಕೈಗೆ ಸಿಗುವ ಸಾಧ್ಯತೆಯನ್ನೇ ಮೊದಲು ಯೋಚಿಸಬೇಕು.

ಅದಕ್ಕೇ ಪಿಸ್ತೂಲಿಗಿಂತ ಮೊದಲು ಮಾಡಬಹುದಾದ್ದು ಅಗ್ಗದಲ್ಲೇ ಇದೆ. ಸುಗ್ಗಿ ಹಣ ಆದಷ್ಟೂ ಖಾತೆಗೆ ಹಾಕಿಸಿಕೊಳ್ಳುವುದು, ನಗದು ಒಯ್ಯುವ ಹೊತ್ತು-ದಾರಿ ಬದಲಿಸುವುದು, ಒಬ್ಬರೇ ಹೋಗದಿರುವುದು, ಗಲ್ಲಾ ಸಂಜೆಗೇ ಖಾಲಿ ಮಾಡುವುದು, ರಸ್ತೆಗೂ ಬಾಗಿಲಿಗೂ ಮುಖ ಮಾಡಿದ ಕ್ಯಾಮೆರಾ, ಅದರ ರೆಕಾರ್ಡಿಂಗ್ ಅಂಗಡಿಯಿಂದ ಹೊರಗೂ ಉಳಿಯುವ ವ್ಯವಸ್ಥೆ, 112 ಸಂಖ್ಯೆ, ಅಕ್ಕಪಕ್ಕದ ಅಂಗಡಿಗಳ ನಡುವೆ ಒಂದು ಸೈರನ್. ಸುಗ್ಗಿ ತಿಂಗಳಲ್ಲಿ ರಾತ್ರಿ ಬೀಟ್ ಹೆಚ್ಚಿಸಿ ಅಂತ ವ್ಯಾಪಾರಸ್ಥರೆಲ್ಲ ಸೇರಿ ಠಾಣೆಗೆ ಕೊಡುವ ಮನವಿ ಒಬ್ಬೊಬ್ಬರ ಲೈಸೆನ್ಸ್ ಅರ್ಜಿಗಿಂತ ಬೇಗ ಫಲ ಕೊಡಬಹುದು.

ಇಷ್ಟೆಲ್ಲ ಮಾಡಿದ ಮೇಲೂ ನಿಜವಾದ ಬೆದರಿಕೆ ಇದ್ದವರು ಲೈಸೆನ್ಸ್ ಕೇಳುವುದರಲ್ಲಿ ತಪ್ಪಿಲ್ಲ. ಅಂಥವರಿಗೆ ಬಾಳಿಕೆಯ ಆಯ್ಕೆ ಸರಳ: ಗುಂಡು, ಬಿಡಿಭಾಗ ಸುಲಭವಾಗಿ ಸಿಗುವ, ಹೊಸದಾದ, ನಂಬರು ಸ್ಪಷ್ಟ ಇರುವ ಸ್ವದೇಶಿ ಪಾಯಿಂಟ್ 32. ಅಭ್ಯಾಸಕ್ಕೆ ಸಮಯ ಇಲ್ಲದವರಿಗೆ ರಿವಾಲ್ವರ್, ಇದ್ದವರಿಗೆ ಪಿಸ್ತೂಲು. ಅದರ ಜೊತೆಗೇ ಗೋಡೆಗೆ ಬೋಲ್ಟ್ ಹಾಕಿದ ಬೀಗದ ಪೆಟ್ಟಿಗೆ ಬೇಕೇಬೇಕು. ಆ ಪೆಟ್ಟಿಗೆಗೆ ಜಾಗ ಇಲ್ಲದ ಮನೆಗೆ ಪಿಸ್ತೂಲೂ ಬೇಡ.