ಸಂಪಾದಕರ ಮಾತು: ನೂರಿಪ್ಪತ್ತೆಂಟು ಮನೆ ಆಚೆ

ಮಲ್ಕಾಜ್‌ಗಿರಿ ಎಂದು ಬರೆಯುವಾಗ ‘ಜ್’ ಮತ್ತು ‘ಗಿ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಗಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಅದನ್ನು ಬಿಟ್ಟವರು ಮಲ್ಕಾಜ್ಗಿರಿ ಎಂದು ಬರೆಯುತ್ತಾರೆ, ಇನ್ನು ಕೆಲವರು ಮಲ್ಕಾಜಿಗಿರಿ ಎನ್ನುತ್ತಾರೆ. ಹೈದರಾಬಾದಿನವರಿಗೆ ಮೂರೂ ಒಂದೇ ಊರು. ಅಕ್ಷರಕ್ಕಕ್ಷರ ತಾಳೆ ನೋಡುವ ಹುಡುಕುಪೆಟ್ಟಿಗೆಗೆ ಮೂರು ಊರು. ನಮ್ಮ ಪತ್ರಿಕೆಯ ಜಾಲತಾಣವನ್ನು ಹೊಸದಾಗಿ ಕಟ್ಟಲು ಕೂತಾಗ ಮೊದಲು ಇತ್ಯರ್ಥವಾಗಬೇಕಾಗಿ ಬಂದದ್ದು ಇಂಥ ಸಂಗತಿಗಳೇ. ಬಣ್ಣ, ವಿನ್ಯಾಸ ಎಲ್ಲ ಆಮೇಲೆ.

ಹಳೆಯ ಸಂಚಿಕೆಗಳದು ಇನ್ನೂ ಕಷ್ಟದ ಕಥೆ. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅಚ್ಚಿನ ಕೆಲಸಕ್ಕೆ ಅವು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಕಾಣುವ ‘ಕ’ದ ಬೆನ್ನಿಗಿರುವುದು ಇಂಗ್ಲಿಷಿನ ‘ಪಿ’. ಫಾಂಟು ಕಳಚಿದರೆ ಕನ್ನಡವೂ ಹೋಯಿತು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಪತ್ರಿಕೆಗಳು ಅಲ್ಲಿಗೆ ಹೋಗಲು ವರ್ಷಗಟ್ಟಲೆ ತಡಮಾಡಿದವು. ಪುಟಗಳ ಫೋಟೊ ತೆಗೆದು ಏರಿಸಿ ಕೈತೊಳೆದುಕೊಂಡವರೂ ಇದ್ದಾರೆ. ಆ ಚಿತ್ರವನ್ನು ಫೋನಿನಲ್ಲಿ ಎಳೆದಾಡಿ ಓದಬೇಕು. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕಂತೂ ಅದು ಬರಿಯ ಚಿತ್ರ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದಿರುವ ವಚನಗಳು ಎದುರಿಗೆ ಬಂದು ನಿಲ್ಲುವುದು ಪಠ್ಯ ಯೂನಿಕೋಡಿನಲ್ಲಿರುವುದರಿಂದ.

ಶೀರ್ಷಿಕೆಯ ಬಗ್ಗೆ ತಾಂತ್ರಿಕ ಗೆಳೆಯರೊಂದಿಗೆ ಜಗಳವೇ ಆಯಿತು. ಗೂಗಲ್ ಮೆಚ್ಚುವಂತೆ ಕವಿತೆಗೆ ಹೆಸರಿಡಿ ಎಂದರೆ ನಾನು ಒಪ್ಪುವವನಲ್ಲ. ಕವಿತೆಯ ಹೆಸರು ಕವಿಯದು. ಅದರ ಕೆಳಗೆ ಕವಿಯ ಹೆಸರು, ಪ್ರಕಾರ, ವರ್ಷ ಇರಲಿ, ಹುಡುಕುವವರಿಗೆ ಅಷ್ಟು ಸಾಕು. ಪ್ರತಿ ತಿಂಗಳೂ ಬರಿಯ ‘ಸಂಪಾದಕರ ಮಾತು’ ಎಂದಿಡುವುದು ಮಾತ್ರ ನನ್ನ ಸೋಮಾರಿತನ, ಅದನ್ನು ಬಿಟ್ಟಿದ್ದೇನೆ. ಮುಖ್ಯ ಪಠ್ಯ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬ ಗೂಗಲ್ಲಿನ ಅಳತೆಗೂ ತಕರಾರಿಲ್ಲ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬಿಡಿ ಎಂದಷ್ಟೇ ಕೇಳಿಕೊಂಡೆ.

ಮಲ್ಕಾಜ್‌ಗಿರಿಗೆ ಬರುತ್ತೇನೆ. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದಿನೊಂದಿಗೇ ಇದ್ದವು. ಆ ನಗರದ ಕನ್ನಡಕ್ಕೆ ಕಾಚಿಗುಡದಲ್ಲಿ ನೃಪತುಂಗ ಶಾಲೆಯಿದೆ, ಸಾಹಿತ್ಯ ಮಂದಿರವಿದೆ. ಆದರೆ ಮಲ್ಕಾಜ್‌ಗಿರಿಯ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುವ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತೆಲುಗು ಓದುತ್ತಾರೆ. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ. ನಮ್ಮ ಕಥೆಯನ್ನು ಕೇಳಿ ನಗುವ ಹುಡುಗಿ ಅದನ್ನು ಓದಲು ತಡವರಿಸುತ್ತಾಳೆ.

ಯೂನಿಕೋಡಿನ ಬೀದಿಯಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ವಠಾರಗಳು. ತೆಲುಗಿನ ‘ಕ’ದಿಂದ 128 ಮನೆ ಆಚೆ ಕನ್ನಡದ ‘ಕ’. ಬಹುತೇಕ ಅಕ್ಷರಗಳಿಗೆ ಇದೇ ಲೆಕ್ಕ. ಹಾಗಾಗಿ ಒಂದು ಗುಂಡಿ ಒತ್ತಿದರೆ ಕನ್ನಡ ಕಥೆ ತೆಲುಗು ಲಿಪಿಯಲ್ಲಿ ಕಾಣುವಂತೆ ಮಾಡುವುದು ದೊಡ್ಡ ಕೆಲಸವೇನಲ್ಲ. ಲಿಪಿ ಬದಲಾಗುವುದು ಓದುಗರ ಪರದೆಯಲ್ಲಿ ಮಾತ್ರ. ಶೋಧಯಂತ್ರಕ್ಕೆ ಸಿಗುವುದು ಕನ್ನಡ ಪಠ್ಯವೇ, ಇಲ್ಲವಾದರೆ ಅದು ನಮ್ಮನ್ನು ತೆಲುಗು ಪತ್ರಿಕೆಯೆಂದು ಎಣಿಸೀತು. ಇದರಿಂದ ಮಕ್ಕಳು ಕನ್ನಡ ಲಿಪಿ ಕಲಿಯುವುದೇ ನಿಂತುಹೋಗುತ್ತದೆ ಎನ್ನುವವರಿದ್ದಾರೆ. ಓದದೆ ಬಿಡುವುದಕ್ಕಿಂತ ಇದು ಮೇಲೆಂದು ನನ್ನ ಪಕ್ಷ.

ಮುಂದಿನ ಸಂಚಿಕೆಯಿಂದ ಕಥೆಗಳಿಗೆ ಈ ಗುಂಡಿ ಇರುತ್ತದೆ. ಹಳಗನ್ನಡದ ಬರಹಗಳು ಕೊಂಚ ಕಾಯಬೇಕು. ಅವುಗಳಲ್ಲಿ ಬರುವ ೞ ತೆಲುಗಿನ ವಠಾರಕ್ಕೆ 2014ರಲ್ಲಷ್ಟೇ ಬಂತು, ಅದೂ 128ರ ಲೆಕ್ಕಕ್ಕೆ ಸಿಗದ ಮನೆಗೆ. ಅದರ ವಿಳಾಸವನ್ನು ಯಂತ್ರಕ್ಕೆ ಬೇರೆಯಾಗಿಯೇ ಹೇಳಿಕೊಡಬೇಕು.