ಸೊಂಟಕ್ಕೆ ಒಪ್ಪದ ಹೋಲ್‌ಸ್ಟರ್, ಮನೆಗೂ ಒಪ್ಪಲ್ಲ

ಅಮೆರಿಕದಲ್ಲಿರುವ ಓದುಗರು ಈ ಅಂಕಣಕ್ಕೆ ಕೇಳೋದು ಸಾಮಾನ್ಯವಾಗಿ ತೆರಿಗೆ, ಮಕ್ಕಳ ಕನ್ನಡ, ಊರಲ್ಲಿರೋ ಅಪ್ಪ-ಅಮ್ಮನ ಆರೋಗ್ಯ ವಿಮೆ ಇಂಥವನ್ನೇ. ಈ ಸಲ ಬಂದ ಪತ್ರ ಬೇರೆ ಥರದ್ದು. ಡಲ್ಲಾಸ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ:

"ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತು. ಕಾನೂನು ಪ್ರಕಾರವೇ ಒಂದು ಪಿಸ್ತೂಲು ತಗೊಂಡಿದೀನಿ, ಕ್ಲಾಸಿಗೂ ಹೋಗಿದೀನಿ. ಆದ್ರೆ ಹೋಲ್‌ಸ್ಟರ್ ಹಾಕ್ಕೊಂಡು ಅರ್ಧ ಗಂಟೆ ಕಾರು ಓಡಿಸಿದ್ರೆ ಸೊಂಟ ಕೆಂಪಗಾಗುತ್ತೆ. ತಡೆಯೋಕಾಗದೆ ಬಿಚ್ಚಿ ಕಾರಿನ ಗ್ಲೋವ್ ಬಾಕ್ಸಲ್ಲಿ ಹಾಕ್ತೀನಿ. ಮನೇಲಿ ಎರಡು ವರ್ಷದ ಮಗು ಇದೆ. ಹೆಂಡತಿಗೆ ಇದ್ಯಾವುದೂ ಇಷ್ಟ ಇಲ್ಲ. ಆರಾಮಾಗಿರೋ ಹೋಲ್‌ಸ್ಟರ್ ಯಾವುದು ಹೇಳ್ತೀರಾ?"

ಪ್ರಶ್ನೆ ಹೋಲ್‌ಸ್ಟರ್‌ದು. ಆದರೆ ಪತ್ರದ ನಿಜವಾದ ಸಾಲು "ಬಿಚ್ಚಿ ಗ್ಲೋವ್ ಬಾಕ್ಸಲ್ಲಿ ಹಾಕ್ತೀನಿ" ಅನ್ನೋದು. ಉತ್ತರ ಅಲ್ಲಿಂದಲೇ ಶುರು ಮಾಡೋಣ.

ಆರಾಮ ಅಂದ್ರೆ ಶೋಕಿ ಅಲ್ಲ

ಚುಚ್ಚುವ ಚಪ್ಪಲಿಯನ್ನು ನಾವು ದಾರಿಯಲ್ಲೇ ಬಿಚ್ಚಿ ಕೈಯಲ್ಲಿ ಹಿಡ್ಕೊಳ್ತೀವಿ. ಚುಚ್ಚುವ ಹೋಲ್‌ಸ್ಟರ್‌ನ ಕತೆಯೂ ಅಷ್ಟೇ. ಬಿಚ್ಚಿದ ಪಿಸ್ತೂಲು ಗ್ಲೋವ್ ಬಾಕ್ಸಿಗೆ, ಸೋಫಾ ಮೇಲಕ್ಕೆ, ಹ್ಯಾಂಡ್‌ಬ್ಯಾಗಿಗೆ ಹೋಗುತ್ತೆ. ಮೈಮೇಲೆ ಇದ್ದಷ್ಟು ಹೊತ್ತು ಅದು ನಿಮ್ಮ ಹತೋಟಿಯಲ್ಲಿತ್ತು. ಬಿಚ್ಚಿಟ್ಟ ಮೇಲೆ ಯಾರ ಕೈಗೆ ಸಿಗುತ್ತೋ ಅವರದ್ದು.

2014ರ ಡಿಸೆಂಬರ್‌ನಲ್ಲಿ ಐಡಹೋ ರಾಜ್ಯದ ಒಂದು ವಾಲ್‌ಮಾರ್ಟ್ ಅಂಗಡಿಯಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಪರವಾನಗಿ ಇದ್ದ ತಾಯಿ. ಪಿಸ್ತೂಲು ಇಡೋದಕ್ಕೇ ಮಾಡಿದ ಹ್ಯಾಂಡ್‌ಬ್ಯಾಗು. ಅದರ ಹತ್ತಿರವೇ ಶಾಪಿಂಗ್ ಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗ. ಮಗು ಬ್ಯಾಗಿನೊಳಗೆ ಕೈ ಹಾಕಿತು, ಗುಂಡು ಹಾರಿತು, 29 ವರ್ಷದ ತಾಯಿ ಅಲ್ಲೇ ತೀರಿಕೊಂಡರು. ಮೈಗೆ ಅಂಟಿಕೊಂಡಿರದ ಪಿಸ್ತೂಲು ಅಂದ್ರೆ ಇದು. ಹಾಗಾಗಿ ಮಗು ಇರೋ ಮನೆಯವರಿಗೆ ಹ್ಯಾಂಡ್‌ಬ್ಯಾಗು, ಲ್ಯಾಪ್‌ಟಾಪ್ ಬ್ಯಾಗು ಎರಡೂ ಬೇಡವೇ ಬೇಡ.

ಹೋಲ್‌ಸ್ಟರ್ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳೋದು ಇನ್ನೊಂದು ದಾರಿ ಅನ್ನೋರಿಗೆ ಪ್ಲಾಕ್ಸಿಕೊ ಬರೆಸ್ ಸಾಕು. ನ್ಯೂಯಾರ್ಕ್ ಜೈಂಟ್ಸ್ ತಂಡದ ಹೆಸರಾಂತ ಫುಟ್‌ಬಾಲ್ ಆಟಗಾರ. 2008ರ ನವೆಂಬರ್‌ನಲ್ಲಿ ಒಂದು ನೈಟ್‌ಕ್ಲಬ್ಬಿಗೆ ಟ್ರ್ಯಾಕ್ ಪ್ಯಾಂಟಿನ ಸೊಂಟಪಟ್ಟಿಯಲ್ಲಿ ಗ್ಲಾಕ್ ಸಿಕ್ಕಿಸಿಕೊಂಡು ಹೋದರು. ಅದು ಜಾರಿ ಇಳಿಯಿತು, ಗುಂಡು ಅವರದ್ದೇ ತೊಡೆ ಹೊಕ್ಕಿತು. ನ್ಯೂಯಾರ್ಕ್‌ನ ಪರವಾನಗಿ ಇರಲಿಲ್ಲ. 2009ರಲ್ಲಿ ಎರಡು ವರ್ಷ ಜೈಲು ಶಿಕ್ಷೆ ಆಯ್ತು.

ಮೊದಲು ಕಾಗದಪತ್ರ

ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಮಾತು ಒಂದಿದೆ. ಎಚ್‌-1ಬಿ, ಎಲ್‌-1, ಎಫ್‌-1 ಥರದ ವೀಸಾದಲ್ಲಿ ಇರೋರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋದನ್ನ ಅಮೆರಿಕದ ಫೆಡರಲ್ ಕಾನೂನು ತಡೆಯುತ್ತೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಪರವಾನಗಿ ಇರೋರಿಗೆ, ಹೀಗೆ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಆದರೆ ಬಂದೂಕಿನ ಕೇಸು ಬಿದ್ದು ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು. ಆದ್ದರಿಂದ ಎಚ್‌-1ಬಿ ಗೆಳೆಯ ಮನೆಗೆ ಬಂದಾಗ "ಹಿಡ್ಕೊಂಡು ನೋಡೋ" ಅಂತ ಕೊಡೋದು ಸ್ನೇಹ ಅಲ್ಲ, ಅವನಿಗೆ ತೊಂದರೆ.

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ದಾಟಿದ, ಕಾನೂನಿನ ತಡೆ ಇಲ್ಲದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಪರವಾನಗಿ ಮಾಡಿಸಿಕೊಳ್ಳೋದು ಒಳ್ಳೇದು. 4ರಿಂದ 6 ಗಂಟೆಯ ಪಾಠ, ಗುರಿ ಪರೀಕ್ಷೆ ಇರುತ್ತೆ, ಜೊತೆಗೆ ಅದನ್ನು ಒಪ್ಪುವ ಬೇರೆ ರಾಜ್ಯಗಳಲ್ಲೂ ನಡೆಯುತ್ತೆ. ಪಿಸ್ತೂಲು ಒಂಚೂರು ಹೊರಗೆ ಕಾಣೋ ಹಾಗಿದ್ದರೂ ಹೋಲ್‌ಸ್ಟರ್‌ನಲ್ಲಿ ಇರಲೇಬೇಕು ಅನ್ನುತ್ತೆ ಅಲ್ಲಿನ ಕಾನೂನು. ಶಾಲೆ, ಕೋರ್ಟು, ವಿಮಾನ ನಿಲ್ದಾಣದ ತಪಾಸಣೆ ದಾಟಿದ ಜಾಗ, ಮದ್ಯದ ಮಾರಾಟದಿಂದಲೇ ಶೇ 51 ಆದಾಯ ಬರೋ ಬಾರು, ಇಲ್ಲೆಲ್ಲ ಒಯ್ಯುವಂತಿಲ್ಲ. ಅಂಗಡಿ ಬಾಗಿಲಲ್ಲಿ 30.05, 30.06, 30.07 ಅಂತ ಬೋರ್ಡಿದ್ದರೆ ನಿಂತು ಓದಿ, ಅವು ನಿಮಗೇ ಬರೆದದ್ದು.

ಮೂರು ಶರತ್ತು, ರಾಜಿ ಇಲ್ಲ

ಆರಾಮದ ಲೆಕ್ಕ ಆಮೇಲೆ. ಯಾವ ಹೋಲ್‌ಸ್ಟರ್ ಆದರೂ ಮೊದಲು ಈ ಮೂರು ಪಾಸಾಗಬೇಕು.

ಒಂದು, ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಹೊರಗಿಂದ ಬೆರಳಿನಲ್ಲಿ ಒತ್ತಿದರೂ ಟ್ರಿಗರ್‌ಗೆ ತಾಗಬಾರದು. ಎರಡು, ಖಾಲಿ ಪಿಸ್ತೂಲು ಹಾಕಿ ಹೋಲ್‌ಸ್ಟರನ್ನು ತಲೆಕೆಳಗು ಮಾಡಿ ಸ್ವಲ್ಪ ಅಲ್ಲಾಡಿಸಿದರೂ ಅದು ಬೀಳಬಾರದು. ಮೂರು, ಪಿಸ್ತೂಲು ಎಳೆದಾಗ ಹೋಲ್‌ಸ್ಟರ್ ಬೆಲ್ಟಿನಲ್ಲೇ ಉಳಿಯಬೇಕು, ಅದರ ಬಾಯಿ ಮುಚ್ಚಿಕೊಳ್ಳಬಾರದು.

ಎಲ್ಲ ಪಿಸ್ತೂಲಿಗೂ ಆಗುತ್ತೆ ಅಂತ ಮಾರೋ ಮೆತ್ತನೆ ನೈಲಾನ್ ಚೀಲಗಳು ಮುಟ್ಟೋದಕ್ಕೆ ಹಿತ, ಆದರೆ ಈ ಪರೀಕ್ಷೆಯಲ್ಲಿ ಹೆಚ್ಚಿನವು ಫೇಲ್. ನಿಮ್ಮ ಪಿಸ್ತೂಲಿನ ಮಾಡೆಲ್ಲಿಗೇ ಮಾಡಿದ್ದನ್ನು ತಗೊಳ್ಳಿ. ಲೈಟು, ಲೇಸರ್ ಸಿಕ್ಕಿಸಿದ್ದರೆ ಅದಕ್ಕೂ ಅಳತೆ ಬೇರೆ.

ಸೊಂಟದಲ್ಲಿ ಎಷ್ಟು ಗಂಟೆಗೆ?

ಹೊಕ್ಕುಳನ್ನು ಗಡಿಯಾರದ 12 ಅಂದ್ಕೊಳ್ಳಿ. ಬಲ ಸೊಂಟ 3, ಬೆನ್ನುಮೂಳೆ 6.

3ರಿಂದ 5ರ ನಡುವೆ, ಪ್ಯಾಂಟಿನ ಒಳಗೆ ಹಾಕೋದು ತುಂಬ ಜನ ಒಪ್ಪಿದ ಜಾಗ. ಸರಿ 3ಕ್ಕೆ ಇಟ್ಟರೆ ಸೊಂಟದ ಮೂಳೆಗೆ ತಾಗಿ ನೋವು ಬರುತ್ತೆ. ನಮ್ಮ ಓದುಗರ ಕೆಂಪು ಗುರುತಿಗೆ ಬಹುಶಃ ಇದೇ ಕಾರಣ. ಒಂದೂವರೆ ಇಂಚು ಹಿಂದಕ್ಕೆ, 4ರ ಹತ್ತಿರ ಸರಿಸಿ, ಹಿಡಿಯನ್ನು 15 ಡಿಗ್ರಿಯಷ್ಟು ಮುಂದಕ್ಕೆ ವಾಲಿಸಿದರೆ ಎಷ್ಟೋ ವ್ಯತ್ಯಾಸ ಆಗುತ್ತೆ. ಆದರೆ ಕಾರಲ್ಲಿ ಕೂತಾಗ ಸೀಟಿಗೂ ಸೊಂಟಕ್ಕೂ ನಡುವೆ ಸಿಕ್ಕಿಕೊಳ್ಳೋದು ಇದರ ತೊಂದರೆ.

12ರಿಂದ 1ರ ನಡುವೆ, ಹೊಟ್ಟೆ ಮುಂದೆ ಇಡೋದು ತೆಳ್ಳಗಿರೋರಿಗೆ ಸುಲಭ. ಕಾರಲ್ಲಿ ಕೂತಾಗಲೂ ಕೈಗೆ ಸಿಗುತ್ತೆ, ಜನಜಂಗುಳಿಯಲ್ಲಿ ಕಣ್ಣಳತೆಯಲ್ಲೇ ಇರುತ್ತೆ. ಆದರೆ ನಳಿಗೆಯ ಬಾಯಿ ನೋಡೋದು ತೊಡೆಸಂದಿನ ಕಡೆಗೆ, ದೊಡ್ಡ ರಕ್ತನಾಳ ಇರೋ ಜಾಗಕ್ಕೆ. ಒಳ್ಳೆ ಅಭ್ಯಾಸ ಆಗೋ ತನಕ ಇದಕ್ಕೆ ಕೈ ಹಾಕಬೇಡಿ. ಇಲ್ಲಿ ಇನ್ನೊಂದು ವಿಚಿತ್ರ ಉಂಟು: ಗಿಡ್ಡ ಹೋಲ್‌ಸ್ಟರ್‌ಗಿಂತ ಸ್ವಲ್ಪ ಉದ್ದದ್ದೇ ಹಲವರಿಗೆ ಹಿತ. ಬೆಲ್ಟಿನ ಕೆಳಗೆ ಸಾಕಷ್ಟು ಉದ್ದ ಇದ್ದರೆ ಮೇಲಿನ ಭಾರ ಹೊರಕ್ಕೆ ವಾಲಲ್ಲ. ನಳಿಗೆ ತುದಿಯ ಹತ್ತಿರ ಮೆತ್ತನೆ ಫೋಮಿನ ತುಂಡು ಅಂಟಿಸಿದರೆ ಒತ್ತಡ ಹರಡುತ್ತೆ, ಹಿಡಿಯೂ ಹೊಟ್ಟೆಗೆ ಅಂಟಿ ಕೂರುತ್ತೆ.

6 ಗಂಟೆ, ಅಂದರೆ ನಡುಬೆನ್ನು ಬೇಡ. ಬೆನ್ನು ಕೆಳಗಾಗಿ ಬಿದ್ದರೆ ಕಬ್ಬಿಣದ ತುಂಡು ಬೆನ್ನುಮೂಳೆಗೆ ಹೊಡೆಯುತ್ತೆ. ಬೆಲ್ಟಿನ ಹೊರಗೆ ಹಾಕೋದು ಎಲ್ಲಕ್ಕಿಂತ ಆರಾಮ, ಆದರೆ ಮುಚ್ಚೋದಕ್ಕೆ ಜಾಕೆಟ್ ಬೇಕು. ಟೆಕ್ಸಾಸ್ ಜುಲೈ ಬಿಸಿಲಲ್ಲಿ ಜಾಕೆಟ್ ಯಾರು ಹಾಕ್ತಾರೆ? ಜೇಬಿನ ಹೋಲ್‌ಸ್ಟರ್ ತೀರ ಸಣ್ಣ ಪಿಸ್ತೂಲಿಗೆ ಮಾತ್ರ, ಅದೂ ಆ ಜೇಬಲ್ಲಿ ಕೀ, ಚಿಲ್ಲರೆ ಏನೂ ಇಲ್ಲದಿದ್ದರೆ. ಕಣಕಾಲಿನದ್ದು ದಿನವಿಡೀ ಕೂತು ಕೆಲಸ ಮಾಡೋರಿಗೆ ಪರವಾಗಿಲ್ಲ, ಆದರೆ ಓಡಾಟಕ್ಕೆ ಭಾರ.

ಚರ್ಮವೋ, ಕೈಡೆಕ್ಸೋ?

ಚರ್ಮ ಮೈಗೆ ಹಿತ, ತಿಂಗಳೊಪ್ಪತ್ತಿನಲ್ಲಿ ಸೊಂಟದ ಆಕಾರಕ್ಕೆ ಒಗ್ಗಿಕೊಳ್ಳುತ್ತೆ. ಆದರೆ ಬೆವರು ಕುಡಿಯುತ್ತೆ. ಹಳೇದಾಗಿ ಮೆತ್ತಗಾದ ಮೇಲೆ ಅದರ ಬಾಯಿ ಒಳಕ್ಕೆ ಮಡಿಚಿ, ಪಿಸ್ತೂಲು ತುರುಕುವಾಗ ಟ್ರಿಗರ್ ಒತ್ತಿದ ಉದಾಹರಣೆಗಳಿವೆ. ಮೆತ್ತಗಾಯ್ತು ಅಂದರೆ ಅದರ ಆಯಸ್ಸು ಮುಗೀತು.

ಕೈಡೆಕ್ಸ್ ಅನ್ನೋದು ಕಾಯಿಸಿ ಅಚ್ಚೊತ್ತುವ ಗಟ್ಟಿ ಪ್ಲಾಸ್ಟಿಕ್. ಬೆವರು ಹೀರಲ್ಲ, ಆಕಾರ ಬಿಡಲ್ಲ, ಪಿಸ್ತೂಲು ಕೂತಾಗ 'ಟಕ್' ಅನ್ನುತ್ತೆ. ಬರೀ ಮೈಗೆ ತಾಗಿದರೆ ಉಜ್ಜುತ್ತೆ, ಹಾಗಾಗಿ ಒಳಗೊಂದು ಹತ್ತಿ ಬನಿಯನ್ ಹಾಕ್ಕೊಳ್ಳಿ. ಹಿಂದೆ ಚರ್ಮ, ಮುಂದೆ ಕೈಡೆಕ್ಸ್ ಇರೋ ಬೆರಕೆ ಹೋಲ್‌ಸ್ಟರ್‌ಗಳು ಅಗಲವಾಗಿದ್ದು ಭಾರ ಹಂಚುತ್ತವೆ, ಸೆಕೆ ಮಾತ್ರ ಜಾಸ್ತಿ.

ಹೋಲ್‌ಸ್ಟರ್‌ಗೆ ಬೈಯೋ ಮುಂಚೆ ಬೆಲ್ಟ್ ನೋಡಿ

ಕೊಡಗಿನ ಮದುವೆಗಳಲ್ಲಿ ಕುಪ್ಯ ಉಟ್ಟವರ ಪೀಚೆಕತ್ತಿಯನ್ನು ಹಿಡಿದು ನಿಲ್ಲಿಸೋದು ಸೊಂಟಕ್ಕೆ ಬಿಗಿದ ಚೇಲೆ. ಚೇಲೆ ಸಡಿಲಾದರೆ ಬೆಳ್ಳಿಯ ಒರೆ ಎಷ್ಟು ಚೆಂದ ಇದ್ದರೇನು, ಜೋತಾಡುತ್ತೆ. ಇಲ್ಲೂ ಅದೇ ನ್ಯಾಯ.

ಗುಂಡು ತುಂಬಿದ ಗ್ಲಾಕ್ 19 ಹೆಚ್ಚುಕಡಿಮೆ 850 ಗ್ರಾಂ. ಸಿಗ್ ಪಿ365 ಥರದ ಸಣ್ಣದು ಗುಂಡಿಲ್ಲದೆಯೇ ಅರ್ಧ ಕೆಜಿ. ಇಷ್ಟು ಭಾರವನ್ನು ಆಫೀಸಿನ ತೆಳು ಬೆಲ್ಟಿಗೆ ನೇತುಹಾಕಿದರೆ ಅದು ಬಾಗುತ್ತೆ, ನೀವು ಬಿಗಿ ಮಾಡ್ತೀರಿ, ಸೊಂಟ ಕೆಂಪಾಗುತ್ತೆ. ಇದಕ್ಕೆಂದೇ ಬರೋ ಒಂದೂವರೆ ಇಂಚು ಅಗಲದ ಗಟ್ಟಿ ಬೆಲ್ಟು ತಗೊಳ್ಳಿ. ಪ್ಯಾಂಟು ಸೊಂಟದಲ್ಲಿ ಒಂದೆರಡು ಇಂಚು ದೊಡ್ಡದಿರಲಿ. ಇವೆರಡು ಬದಲಾಯಿಸಿದ ಮೇಲೆ ಹಳೇ ಹೋಲ್‌ಸ್ಟರೇ ಸಾಕು ಅನ್ನಿಸಿದರೆ ಆಶ್ಚರ್ಯ ಇಲ್ಲ.

ಒಂದು ಭಾನುವಾರ ಪರೀಕ್ಷೆ

ಕೊಂಡ ದಿನವೇ ಗುಂಡು ತುಂಬಿ ಹೊರಡಬೇಡಿ. ಪಿಸ್ತೂಲು ಖಾಲಿ ಮಾಡಿ, ಮ್ಯಾಗಜೀನ್ ತೆಗೆದು, ಚೇಂಬರ್ ಎರಡು ಸಲ ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಆಮೇಲೆ ಹಾಕ್ಕೊಂಡು ಮನೆಯೊಳಗೇ ನಾಲ್ಕೈದು ಗಂಟೆ ಇರಿ. ನೆಲಕ್ಕೆ ಚಕ್ಕಂಬಕ್ಕಳ ಕೂತ್ಕೊಳ್ಳಿ. ಬಗ್ಗಿ ಶೂ ಲೇಸ್ ಕಟ್ಟಿ. ಮೇಲಿನ ಶೆಲ್ಫಿಂದ ಡಬ್ಬ ಇಳಿಸಿ. ಶರ್ಟು ಮೇಲೇರಿತಾ, ಹಿಡಿ ಉಬ್ಬಿ ಕಾಣ್ತಾ ಅಂತ ಕನ್ನಡಿ ನೋಡಿ. ಚೌಕಳಿ ಇರೋ ಸಡಿಲ ಅಂಗಿ ಉಬ್ಬನ್ನು ಚೆನ್ನಾಗಿ ಮುಚ್ಚುತ್ತೆ. ಮಗು ಕಂಕುಳಲ್ಲಿ ಕೂರೋ ಕಡೆ ಯಾವುದು ಅಂತಲೂ ಗಮನಿಸಿ. ಹೋಲ್‌ಸ್ಟರ್ ಅದರ ಎದುರು ಕಡೆಗಿರಲಿ.

ವಾಪಸ್ ಹಾಕುವಾಗ ಅವಸರ ಬೇಡ. ಅಂಗಿ ಪೂರ್ತಿ ಮೇಲೆತ್ತಿ, ಬೆರಳು ಟ್ರಿಗರ್‌ನಿಂದ ದೂರ ಇಟ್ಟು, ಕಣ್ಣಲ್ಲಿ ನೋಡ್ತಾ ನಿಧಾನಕ್ಕೆ ಹಾಕಿ. ಜಾಕೆಟ್ಟಿನ ದಾರ, ಅಂಗಿಯ ಅಂಚು ಟ್ರಿಗರ್ ಸಂದಿಗೆ ಸಿಕ್ಕಿಕೊಂಡರೂ ಗುಂಡು ಹಾರುತ್ತೆ. ಇನ್ನೂ ಒಳ್ಳೇದು ಅಂದರೆ ಪಿಸ್ತೂಲನ್ನು ಮೊದಲೇ ಹೋಲ್‌ಸ್ಟರ್‌ಗೆ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸೋದು. ಬಿಚ್ಚುವಾಗಲೂ ಹಾಗೇ, ಒಟ್ಟಿಗೆ.

ಬಿಚ್ಚಿದ ಮೇಲೆ ಎಲ್ಲಿ?

ಎಷ್ಟೇ ಆರಾಮಿನ ಹೋಲ್‌ಸ್ಟರ್ ಆದರೂ ರಾತ್ರಿ ಬಿಚ್ಚಲೇಬೇಕು. ಸೊಂಟದಿಂದ ಇಳಿದದ್ದು ನೇರ ಬೀಗದ ಪೆಟ್ಟಿಗೆಗೆ ಹೋಗಬೇಕು, ನಡುವೆ ಮೇಜು, ದಿಂಬು, ಬೀರು ಯಾವುದೂ ಬೇಡ. ಕಾರಿನಲ್ಲಿ ಬಿಡಲೇಬೇಕಾದರೆ ಸೀಟಿನಡಿ ಸರಪಳಿಯಿಂದ ಕಟ್ಟೋ ಸಣ್ಣ ಉಕ್ಕಿನ ಪೆಟ್ಟಿಗೆ ಸಿಗುತ್ತೆ. ಗ್ಲೋವ್ ಬಾಕ್ಸು ಕಳ್ಳರು ಮೊದಲು ಕೈ ಹಾಕೋ ಜಾಗ. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಬಂದೂಕು ಸಿಗೋ ಹಾಗೆ ಬಿಟ್ಟರೆ ಅದೇ ಒಂದು ಅಪರಾಧ.

ಊರಿಗೆ ಬರುವಾಗ ಬ್ಯಾಗಿನ ಪ್ರತಿ ಜೇಬನ್ನೂ ಖಾಲಿ ಮಾಡಿ ನೋಡಿ. ಅಮೆರಿಕದ ಯಾವ ಪರವಾನಗಿಯೂ ಭಾರತದಲ್ಲಿ ನಡೆಯಲ್ಲ. ಮರೆತುಹೋದ ಒಂದೇ ಒಂದು ಗುಂಡು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಆಗಬಹುದು.

ಇನ್ನು ಹೆಂಡತಿಗೆ ಇಷ್ಟವಿಲ್ಲ ಅನ್ನೋ ಮಾತು. ಅದನ್ನು ಪತ್ರದ ಕೊನೆಗೆ ತಳ್ಳಿದ್ದೀರಿ, ನಾನು ಹಾಗೆ ಮಾಡಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಅಂದರೆ ಭಯ ಪಡಬೇಕಾದ್ದು ಹೊರಗಿನ ಕಳ್ಳನಿಗೆ ಮಾತ್ರ ಅಲ್ಲ, ಒಳಗಿನ ಒಂದು ಕೆಟ್ಟ ರಾತ್ರಿಗೂ. ಅವರ ಜೊತೆ ಕೂತು ಮಾತಾಡಿ. ಯಾಕೆ ಬೇಕು, ಎಲ್ಲಿಗೆ ಒಯ್ಯೋದು, ಪೆಟ್ಟಿಗೆಯ ಕೋಡ್ ಯಾರಿಗೆ ಗೊತ್ತಿರಬೇಕು, ಮನೆಯಲ್ಲಿ ಯಾರ ಮನಸ್ಸಾದರೂ ಕುಗ್ಗಿದ್ದರೆ ಆ ದಿನಗಳಲ್ಲಿ ಅದನ್ನು ಮನೆಯಿಂದ ಹೊರಗೆ ಎಲ್ಲಿ ಇಡೋದು, ಎಲ್ಲಾನೂ. ಮಾತಾಡಿದ ಮೇಲೆ "ಬೇಡ" ಅಂತ ಇಬ್ಬರಿಗೂ ಅನ್ನಿಸಿದರೆ ಅದೂ ಒಂದು ತೀರ್ಮಾನವೇ, ಅವಮಾನ ಏನಿಲ್ಲ.

"ಬೇಕು" ಅಂತಾದರೆ ಕೆಲಸದ ಕ್ರಮ ಹೀಗಿರಲಿ: ಈ ವಾರವೇ ಬೀಗದ ಪೆಟ್ಟಿಗೆ, ಮುಂದಿನ ವಾರ ಗಟ್ಟಿ ಬೆಲ್ಟು, ಆಮೇಲೆ ಹೋಲ್‌ಸ್ಟರ್. ಅಲ್ಲೀವರೆಗೂ ಪಿಸ್ತೂಲು ಗ್ಲೋವ್ ಬಾಕ್ಸಲ್ಲೂ ಬೇಡ, ಸೊಂಟದಲ್ಲೂ ಬೇಡ.