ಡಿಸ್ಚಾರ್ಜ್ ಕಾಗದದಲ್ಲಿ ಇಲ್ಲದ ಹೆಸರು

ಆಸ್ಪತ್ರೆಗಳ ಆಡಳಿತ ನಡೆಸುವವರಿಗೂ ಅವುಗಳ ಮೇಲೆ ನಿಗಾ ಇಡುವ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ಮಳೆಗಾಲದಲ್ಲಿ ನನ್ನ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ನಿಂತಿತು. 80 ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ 19 ದಿನ ಇದ್ದೆವು. ಮನೆಗೆ ಹೊರಟ ದಿನ ಕೈಗೆ ಬಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೂವರು ವೈದ್ಯರ ಹೆಸರಿತ್ತು, ಸ್ಕ್ಯಾನ್ ಮಾಡಿದ ಕೇಂದ್ರದ ಹೆಸರಿತ್ತು, ಒಂಬತ್ತು ಔಷಧಿಗಳ ಹೆಸರಿತ್ತು. ಬಿಲ್ಲಿನಲ್ಲಿ ‘ನರ್ಸಿಂಗ್ ಚಾರ್ಜಸ್’ ಎಂಬ ಸಾಲು 19 ದಿನವೂ ತಪ್ಪದೆ ಬಂದಿತ್ತು. ಆ ಹಣ ಯಾರ ದುಡಿಮೆಯದು ಎಂಬುದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ. ನನ್ನ ದೂರು ಅದರ ಬಗ್ಗೆ.

ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹಾವೇರಿ ಕಡೆಯವರು. ಎರಡೆರಡು ಗಂಟೆಗೊಮ್ಮೆ ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಸತ್ತು ಹುಣ್ಣಾಗುತ್ತದೆ. ಅಮ್ಮನಿಗೆ ಮಾತು ತಿಳಿಯುತ್ತದೋ ಇಲ್ಲವೋ ನಮಗೇ ಗೊತ್ತಿರಲಿಲ್ಲ. ಸಿಸ್ಟರ್ ಮಾತ್ರ ಪ್ರತಿ ಸಲವೂ ಕಿವಿಯ ಹತ್ತಿರ ಬಾಗಿ, “ಅಜ್ಜೀ, ಈಗ ಗ್ವಾಡಿ ಕಡೆ ಹೊರಳಸ್ತೀವ್ರಿ, ಗಾಬರಿ ಆಗಬ್ಯಾಡ್ರಿ” ಎಂದು ಹೇಳಿಯೇ ಕೈ ಹಚ್ಚುತ್ತಿದ್ದರು. ಐದನೆಯ ದಿನ ಆ ಮಾತು ಕೇಳುತ್ತಲೇ ಅಮ್ಮ ಎಡಗೈಯಿಂದ ಮಂಚದ ಕಂಬಿ ಹಿಡಿದುಕೊಂಡರು. ಅಮ್ಮನಿಗೆ ಎಲ್ಲ ತಿಳಿಯುತ್ತಿದೆ ಎಂದು ನಮಗೆ ಗೊತ್ತಾದದ್ದು ಹಾಗೆ.

ನಾನು ಅಮ್ಮನನ್ನು ಮಲಗಿಸಿಕೊಂಡೇ ಗಂಜಿ ಕುಡಿಸಲು ಹೊರಟಾಗ ಕೈ ಹಿಡಿದು ತಡೆದವರೂ ಅವರೇ. ನುಂಗುವ ಶಕ್ತಿ ಕುಗ್ಗಿದವರಿಗೆ ಹಾಗೆ ಕುಡಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದಂತೆ. ಎಬ್ಬಿಸಿ ಕೂರಿಸಿ, ಗದ್ದ ತಗ್ಗಿಸಿ, ಚಮಚ ಚಮಚವಾಗಿ ಕುಡಿಸುವುದನ್ನು ಎರಡು ದಿನ ನನ್ನ ಪಕ್ಕದಲ್ಲಿ ನಿಂತು ಕಲಿಸಿದರು.

ಇದನ್ನೆಲ್ಲ ಒಬ್ಬರ ಒಳ್ಳೆಯ ಮನಸ್ಸು ಎಂದು ಹೊಗಳಿ ಬಿಟ್ಟುಬಿಡಬಹುದು. ನಾನು ಕಂಡದ್ದು ಅದಕ್ಕಿಂತ ಹೆಚ್ಚಿನದು. ಕಾಲೇಜು ಮುಗಿಸಿ ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳು ಅಮ್ಮನ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಿ ಅಳುಮುಖ ಮಾಡಿದಳು. ನಾನು ರೇಗಿದೆ. ಸಿಸ್ಟರ್ ಬಂದು ಸೂಜಿಯನ್ನು ತಾವು ಕಸಿದುಕೊಳ್ಳಲಿಲ್ಲ. ಅವಳ ಬೆರಳನ್ನು ಅಮ್ಮನ ಮುಂಗೈ ಮೇಲಿಟ್ಟು, “ಕಣ್ಣಿಲೆ ಹುಡುಕಬ್ಯಾಡ, ಬೆರಳಿಲೆ ನೋಡು” ಎಂದರು. ಮೂರನೆಯ ಸಲ ಸೂಜಿ ಸರಿಯಾಗಿ ಹಾಕಿದವಳು ಆ ಹುಡುಗಿಯೇ. ಇನ್ನೊಂದು ದಿನ ರಾತ್ರಿ ಪಾಳಿಯಲ್ಲಿ ಬಿ.ಪಿ. ಬರೆದಿಡುವುದು ತಪ್ಪಿಹೋಗಿತ್ತು. ರೌಂಡ್ಸಿಗೆ ಬಂದ ವೈದ್ಯರು ಸಿಟ್ಟಾದಾಗ, “ಹ್ಯಾಂಡೋವರ್ ತಗೊಂಡಾಕಿ ನಾನು ಸರ್, ನಾ ನೋಡಬೇಕಿತ್ತು” ಎಂದು ಎಲ್ಲರೆದುರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಆಮೇಲೆ ಆ ಪಾಳಿಯವಳನ್ನು ಕರೆದು ಚಾರ್ಟನ್ನು ಮೊದಲಿಂದ ಓದಿಸಿದರು. ಹನ್ನೆರಡು ಜನ ನರ್ಸ್‌ಗಳು, ನಾಲ್ವರು ಆಯಾಗಳು ಪಾಳಿ ಬದಲಾದರೂ ಒಂದೇ ಕೈಯಂತೆ ಕೆಲಸ ಮಾಡುತ್ತಿದ್ದುದರ ಹಿಂದೆ ಈ ತಾಳ್ಮೆಯಿತ್ತು.

ಹೊರಡುವಾಗ ನಾನು ಸ್ವಲ್ಪ ಹಣ ಕೊಡಲು ಹೋದೆ. ಅವರು ಮುಟ್ಟಲಿಲ್ಲ. “ಕೊಡೂದಿದ್ರ ಎರಡು ಸಾಲು ಬರದು ಆಫೀಸಿನ್ಯಾಗ ಕೊಡ್ರಿ” ಎಂದರು. ಎರಡು ಪುಟ ಬರೆದು ಒಯ್ದೆ. ಅಲ್ಲಿದ್ದವರು ಮೇಲಿನ ಸಾಲಷ್ಟೇ ಓದಿ, “ಕಂಪ್ಲೇಂಟ್ ಅಲ್ಲ ತಾನೆ?” ಎಂದು ಕೇಳಿದರು. ಅಲ್ಲವೆಂದೆ. ಹಾಗಾದರೆ ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ದೂರಿಗೆ ರಿಜಿಸ್ಟರ್ ಇತ್ತು, ಮೆಚ್ಚುಗೆಗೆ ಇರಲಿಲ್ಲ. ಎರಡು ತಿಂಗಳ ನಂತರ ವಿಚಾರಿಸಿದಾಗ ಆ ಪತ್ರ ಸಿಸ್ಟರ್ ಕೈಗೂ ತಲುಪಿರಲಿಲ್ಲ.

ನರ್ಸ್‌ಗಳ ದುಡಿಮೆ ಹೀಗೆ ಹೆಸರಿಲ್ಲದೆ ಉಳಿಯುವುದು ಹೊಸದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಮಗಳು ಅರುಣಾ ಶಾನಭಾಗ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲಿಯೇ ಹಲ್ಲೆಗೆ ಗುರಿಯಾಗಿ ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅವರನ್ನು ನೋಡಿಕೊಂಡದ್ದು ಅದೇ ಆಸ್ಪತ್ರೆಯ ನರ್ಸ್‌ಗಳು. ಒಂದು ತಲೆಮಾರು ನಿವೃತ್ತಿಯಾದರೆ ಇನ್ನೊಂದು ತಲೆಮಾರು ಆ ಹಾಸಿಗೆಯ ಬಳಿ ಬಂದು ನಿಂತಿತು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಆರೈಕೆಯನ್ನು ಮನಸಾರೆ ಹೊಗಳಿತು. ಅಮ್ಮನ ಬೆನ್ನಿನ ಮೇಲೆ ಒಂದು ಗೀರೂ ಇಲ್ಲದ್ದನ್ನು ಕಂಡ ದಿನ ನನಗೆ ಆ ನರ್ಸ್‌ಗಳ ನೆನಪಾಯಿತು. ಅರುಣಾ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಅವರನ್ನು ನೋಡಿಕೊಂಡವರಲ್ಲಿ ಒಬ್ಬರ ಹೆಸರಾದರೂ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು?

ಕೇಂದ್ರ ಸರ್ಕಾರ 1973ರಿಂದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಕೊಡುತ್ತಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಇಡೀ ದೇಶದಲ್ಲಿ ಅದು ದಕ್ಕುವುದು ವರ್ಷಕ್ಕೆ ಕೆಲವೇ ಜನರಿಗೆ. ಉಳಿದವರ ಪಾಲಿಗೆ ನರ್ಸ್‌ಗಳ ದಿನವಾದ ಮೇ 12 ಬರುತ್ತದೆ, ಮೋಂಬತ್ತಿ ಹಚ್ಚುತ್ತಾರೆ, ಕೇಕ್ ಕತ್ತರಿಸುತ್ತಾರೆ. 13ನೇ ತಾರೀಖು ಮತ್ತೆ ಅದೇ ಪಾಳಿ, ಅದೇ ಸಂಬಳ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನ ಪರಿಶೀಲಿಸಲು ಸಮಿತಿ ರಚಿಸುವಂತೆ ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50ರಿಂದ 100 ಹಾಸಿಗೆಯದಾದರೆ ಹೆಚ್ಚೆಂದರೆ ಶೇ 25ರಷ್ಟು ಕಡಿಮೆ, 50ಕ್ಕಿಂತ ಸಣ್ಣದಾದರೂ ₹20,000ಕ್ಕೆ ಕಡಿಮೆಯಾಗಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ನಮ್ಮ ಸಿಸ್ಟರ್‌ಗೆ 14 ವರ್ಷದ ಅನುಭವ. ಅವರ ಕೈಗೆ ಬರುತ್ತಿದ್ದದ್ದು ಆ ಕನಿಷ್ಠ ಮೊತ್ತಕ್ಕಿಂತಲೂ ಕಡಿಮೆ.

ಹಾಗಾಗಿ ನನ್ನ ಬೇಡಿಕೆಗಳು ನಾಲ್ಕು. ಪ್ರತಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ವೈದ್ಯರ ಹೆಸರಿನ ಕೆಳಗೆ ವಾರ್ಡಿನ ಇನ್‌ಚಾರ್ಜ್ ನರ್ಸ್ ಹೆಸರು ಇರಲಿ. ಇದಕ್ಕೆ ಒಂದು ಸಾಲು ಶಾಯಿ ಸಾಕು. ರೋಗಿಯ ಕಡೆಯವರು ಬರೆದ ಮೆಚ್ಚುಗೆ ಆಯಾ ನರ್ಸ್‌ನ ಸೇವಾ ಕಡತಕ್ಕೆ ಸೇರಲಿ, ಬಡ್ತಿಯ ಹೊತ್ತಿಗೆ ಅದನ್ನು ಓದಲಿ. ಕಿರಿಯರನ್ನು ತಿದ್ದಿ ತಂಡ ನಡೆಸುವ ಇನ್‌ಚಾರ್ಜ್ ಕೆಲಸಕ್ಕೆ ಪ್ರತ್ಯೇಕ ಭತ್ಯೆ ಇರಲಿ. ಸಮಿತಿ ಹೇಳಿದ ಸಂಬಳ ಸಿಗುತ್ತಿದೆಯೇ ಎಂದು ಅಧಿಕಾರಿಗಳು ಆಸ್ಪತ್ರೆಗೆ ಹೋಗಿ ಪರಿಶೀಲಿಸಲಿ.

ಆ ಸಿಸ್ಟರ್ ಹೆಸರನ್ನು ಈ ಪತ್ರದಲ್ಲಿ ನಾನು ಬರೆದಿಲ್ಲ. ಸಂಬಳದ ಮಾತು ಎತ್ತಿದ ಪತ್ರದಲ್ಲಿ ಹೆಸರು ಬಂದರೆ ಅವರ ಕೆಲಸಕ್ಕೇ ಕುತ್ತು ಬರಬಹುದೆಂಬ ಹೆದರಿಕೆ ನನಗಿದೆ. ಒಳ್ಳೆಯ ಕೆಲಸ ಮಾಡಿದವರ ಹೆಸರನ್ನು ಮುಚ್ಚಿಟ್ಟು ಹೊಗಳಬೇಕಾಗಿ ಬಂದಿದೆಯಲ್ಲ, ನನ್ನ ನೋವು ಅದು. ಅಮ್ಮನಿಗೆ ಈಗ ಅಷ್ಟಿಷ್ಟು ಮಾತು ಮರಳಿದೆ. ನಮ್ಮೆಲ್ಲರ ಹೆಸರು ಇನ್ನೂ ಸರಿಯಾಗಿ ಬರುವುದಿಲ್ಲ, ಆ ಸಿಸ್ಟರ್ ಹೆಸರನ್ನು ಮಾತ್ರ ತಡವರಿಸದೆ ಹೇಳುತ್ತಾರೆ. ಅಮ್ಮನ ನಾಲಿಗೆಗೆ ಬಂದ ಆ ಹೆಸರು ನಿಮ್ಮ ಕಾಗದಕ್ಕೂ ಬರಲಿ.

ಇತಿ,
ರೋಗಿಯೊಬ್ಬರ ಮಗ
ಉತ್ತರ ಕನ್ನಡ ಜಿಲ್ಲೆ